ಹಳೆಯ ಟೂಲ್ ಗ್ರೈಂಡರ್: ಪೇಂಟ್ ನೋಡಬೇಡಿ, ಸ್ಪಿಂಡಲ್ ತಿರುಗಿಸಿ

ಮಿಲ್ಲಿಂಗ್ ಕಟರ್‌ನಂಥ ಲೋಹ ಕತ್ತರಿಸುವ ಉಪಕರಣಗಳಿಗೆ ಸಾಣೆ ಹಿಡಿಯುವ ಹಳೆಯ ಟೂಲ್ ಆಂಡ್ ಕಟರ್ ಗ್ರೈಂಡರ್ ಬೇಕೆಂದರೆ ಬಾಗಿಲು ಮುಚ್ಚುತ್ತಿರುವ ವರ್ಕ್‌ಶಾಪ್, ಕಾರ್ಖಾನೆ ಹರಾಜು, ಗುಜರಿ ಅಂಗಡಿಯ ಹಿತ್ತಲು ಸುತ್ತಬೇಕು. ಲೇತ್ ಮಾರಲು ಇಟ್ಟವರನ್ನೂ ಸುಮ್ನೆ ಒಮ್ಮೆ ಕೇಳಿ. ಮೂಲೆಯಲ್ಲಿ ಗೋಣಿ ಹೊದ್ದು ಕೂತ ಗ್ರೈಂಡರ್ ಅವರಿಗೇ ಮರೆತುಹೋಗಿರುತ್ತದೆ.

ಸಿಕ್ಕಿತಾ? ತಕ್ಷಣ ಸ್ವಿಚ್ ಹಾಕಬೇಡಿ. ಮೊದಲು ಪ್ಲಗ್ ತೆಗೆದು, ಬೆಲ್ಟ್ ಕಳಚಿ, ಸಾಣೆ ವೀಲ್ ಕೂರುವ ದಂಡವಾದ ಸ್ಪಿಂಡಲನ್ನು ಕೈಯಲ್ಲೇ ನಿಧಾನಕ್ಕೆ ತಿರುಗಿಸಿ. ಮರಳು ಅರೆದಂತೆ ಗರಗರ ಅಂದರೆ ಬೇರಿಂಗ್ ಹೋಗಿದೆ. ಹಿಡಿದು ಮೇಲೆ ಕೆಳಗೆ, ಹಿಂದೆ ಮುಂದೆ ಅಲುಗಿಸಿ, ಆಟ ಇದೆಯಾ ನೋಡಿ. ಡಯಲ್ ಗೇಜ್ (ಸಣ್ಣ ಅಲುಗಾಟ ಅಳೆಯುವ ಮುಳ್ಳಿನ ಮಾಪಕ) ಇದ್ದರೆ ವೀಲ್ ಕೂರುವ ಜಾಗಕ್ಕೆ ಮುಟ್ಟಿಸಿ ಒಂದು ಸುತ್ತು ತಿರುಗಿಸಿ, ಮುಳ್ಳು 0.01 ಮಿ.ಮೀ. ಒಳಗೇ ಆಡಿದರೆ ಖುಷಿಪಡಿ. ಬೇರಿಂಗ್ ಬದಲಿಸಬಹುದು, ಆದರೆ ಬಾಗಿದ ಸ್ಪಿಂಡಲ್ ಇದ್ದರೆ ನಮಸ್ಕಾರ ಹೇಳಿ ಹೊರಡುವುದೇ ವಾಸಿ.

ಆಮೇಲೆ ಟೇಬಲ್. ಇಂಥ ಮೆಷಿನ್ ಬದುಕಿಡೀ ಸಾಣೆ ಪುಡಿಯಲ್ಲೇ ಇದ್ದದ್ದು, ಆ ಪುಡಿ ಟೇಬಲ್ ಜಾರುವ ಸ್ಲೈಡ್‌ಗಳನ್ನೂ ಸವೆಸುತ್ತದೆ, ಅದೂ ಜಾಸ್ತಿ ಬಳಸುವ ನಡುಭಾಗವನ್ನು. ಟೇಬಲ್ ಸರಿಸಿದಾಗ ನಡುವೆ ಸಡಿಲ, ತುದಿಗೆ ಹೋದರೆ ಬಿಗಿ ಅನ್ನಿಸಿದರೆ ಸವೆತ ಇದೆ ಎಂದೇ ಅರ್ಥ. ಹೊಸದಾಗಿ ಹೊಳೆಯುವ ಪೇಂಟ್ ಕಂಡರೆ ನನಗಂತೂ ಅನುಮಾನವೇ ಹೆಚ್ಚು. ಮೇಲಿನ ತುಕ್ಕು ಉಜ್ಜಿದರೆ ಹೋಗುತ್ತದೆ.

ಕಟರ್ ಹಿಡಿಯುವ ವರ್ಕ್‌ಹೆಡ್, ಅದನ್ನು ಎರಡು ತುದಿಯಲ್ಲಿ ಆನಿಸುವ ಸೆಂಟರ್‌ಗಳು, ಕಟರ್‌ನ ಹಲ್ಲಿಗೆ ಆನಿಸುವ ಟೂತ್ ರೆಸ್ಟ್, ವೀಲನ್ನು ಸ್ಪಿಂಡಲ್‌ಗೆ ಕೂರಿಸುವ ಅಡಾಪ್ಟರ್‌ಗಳು ಜೊತೆಗಿವೆಯಾ ಕೇಳಿ. ಇವಿಲ್ಲದಿದ್ದರೆ ಮಿಲ್ಲಿಂಗ್ ಕಟರ್ ಸಾಣೆ ಹಿಡಿಯುವುದು ಹೇಗೆ? ಆಮೇಲೆ ಬಿಡಿಬಿಡಿಯಾಗಿ ಹುಡುಕಲು ಹೊರಟರೆ ಮೆಷಿನ್ನಿಗಿಂತ ಅವೇ ದುಬಾರಿ ಬೀಳಬಹುದು.

ಮೋಟಾರಿನ ಪ್ಲೇಟ್ ಓದಿ. ತ್ರೀ ಫೇಸ್ ಆಗಿದ್ದು ನಿಮ್ಮಲ್ಲಿ ಸಿಂಗಲ್ ಫೇಸ್ ಮಾತ್ರ ಇದ್ದರೆ ಸಿಂಗಲ್ ಫೇಸನ್ನು ತ್ರೀ ಫೇಸ್ ಮಾಡಿಕೊಡುವ ಡ್ರೈವ್ ಹಾಕಿಸಬೇಕು ಇಲ್ಲವೇ ಮೋಟಾರ್ ಬದಲಿಸಬೇಕು. ಪುಡಿಪುಡಿಯಾಗುವ ಹಳೆ ವೈರ್ ಕಿತ್ತು ಹೊಸದು ಹಾಕಿಸಿ, ಅರ್ತಿಂಗ್ ಮರೆಯಬೇಡಿ.

ಇನ್ನು ಜೊತೆಗೆ ಬರುವ ಹಳೆ ವೀಲ್‌ಗಳು. ಅವನ್ನು ಲೆಕ್ಕಕ್ಕೇ ಹಿಡಿಯಬೇಡಿ, ಎಲ್ಲೆಲ್ಲಿ ಬಿದ್ದಿದ್ದವೋ ಯಾರಿಗೆ ಗೊತ್ತು. ಹೊಸ ವೀಲನ್ನೂ ಬೆರಳಿಗೆ ಸಿಕ್ಕಿಸಿ ಸ್ಕ್ರೂಡ್ರೈವರ್ ಹಿಡಿಯಿಂದ ಮೆಲ್ಲಗೆ ತಟ್ಟಿ: ವಿಟ್ರಿಫೈಡ್ (ಪಿಂಗಾಣಿಯಂತೆ ಸುಟ್ಟು ಗಟ್ಟಿ ಮಾಡಿದ) ವೀಲ್ ಸರಿಯಿದ್ದರೆ ಟಣ್ ಎನ್ನುತ್ತದೆ, ಬಿರುಕಿದ್ದರೆ ಒಡಕು ಮಡಕೆ ತಟ್ಟಿದಂತೆ ಮಂದ ಸದ್ದು. ವೀಲ್ ಮೇಲೆ ಬರೆದ ವೇಗಕ್ಕಿಂತ ಸ್ಪಿಂಡಲ್ ವೇಗ ಜಾಸ್ತಿ ಇರಬಾರದು. ಗಾರ್ಡ್ ಹಾಕಿ, ಸುರಕ್ಷತಾ ಕನ್ನಡಕ ಏರಿಸಿ, ಸ್ವಿಚ್ ಒತ್ತಿ ಪಕ್ಕಕ್ಕೆ ನಿಲ್ಲಿ. ಮೊದಲ ಒಂದು ನಿಮಿಷ ವೀಲ್‌ನ ನೇರಕ್ಕೆ ಯಾರೂ ನಿಲ್ಲಬಾರದು.