ಶುಗರ್ ಅಂಕಿಯ ಪಕ್ಕದಲ್ಲಿ ಬರೆಯುವುದು

ನಮ್ಮದು ಶ್ರೀನಿವಾಸಪುರದ ಕಡೆ ಮಾವಿನ ತೋಟ. ಶುಗರ್ ಅಂತ ಗೊತ್ತಾದ ಮೇಲೆ ಮನೆಯಲ್ಲೇ ರಕ್ತದ ಸಕ್ಕರೆ ನೋಡುವ ಗ್ಲುಕೋಮೀಟರ್ ಇಟ್ಟುಕೊಂಡೆ. ಅಂಕಿ ಒಂದನ್ನೇ ಸುಮ್ನೆ ಬರೆದಿಟ್ಟರೆ ಏನೂ ತಿಳಿಯುವುದಿಲ್ಲ. ಅದರ ಪಕ್ಕದಲ್ಲೇ ಏನು ತಿಂದೆ, ಎಷ್ಟು ದುಡಿದೆ, ಮಾತ್ರೆ ಯಾವಾಗ ನುಂಗಿದೆ ಅಂತ ಬರೆಯುತ್ತೇನೆ.

ಡಾಕ್ಟರು ನನಗೆ ಹೇಳಿರುವುದು ಖಾಲಿ ಹೊಟ್ಟೆಯಲ್ಲಿ 80ರಿಂದ 130, ಊಟ ಶುರು ಮಾಡಿದ ಎರಡು ಗಂಟೆಗೆ 180ರ ಒಳಗೆ. ವಯಸ್ಸು, ಬೇರೆ ಕಾಯಿಲೆ ನೋಡಿ ಇದು ಬದಲಾಗುತ್ತದೆ.

ರಾತ್ರಿ ಕಡಿಮೆ ತಿಂದರೂ ಬೆಳಗ್ಗೆ ಜಾಸ್ತಿ ಬರುವುದುಂಟು. ನಸುಕಿನಲ್ಲಿ ಕೆಲವು ಹಾರ್ಮೋನುಗಳು ಏರಿ, ಲಿವರ್ ತಾನೇ ರಕ್ತಕ್ಕೆ ಸಕ್ಕರೆ ಬಿಡುತ್ತದೆ. ಇನ್ನು ಮುದ್ದೆ. ಮುದ್ದೆ ತಿಂದರೆ ಶುಗರ್ ಏರಲ್ಲ ಅನ್ನುವವರು ನಮ್ಮ ಕಡೆ ತುಂಬಾ ಜನ. ಆದರೆ ರಾಗಿ ಹಿಟ್ಟಿನಲ್ಲಿ ಸುಮಾರು ಮೂರನೇ ಎರಡರಷ್ಟು ಕಾರ್ಬೋಹೈಡ್ರೇಟೇ ಇದೆ, ಅದು ಸಕ್ಕರೆಯಾಗಿಯೇ ರಕ್ತಕ್ಕೆ ಸೇರುತ್ತದೆ. ಸಣ್ಣ ಮುದ್ದೆಗೆ ಸೊಪ್ಪು, ಕಾಳು ಜಾಸ್ತಿ ಹಾಕಿದ ಸಾರಿದ್ದರೆ ನನ್ನ ಅಂಕಿ ಹಿಡಿತದಲ್ಲಿರುತ್ತದೆ. ಹಣ್ಣು ಮುಟ್ಟಿದ ಕೈಯಲ್ಲಿ ಮಾತ್ರ ಪರೀಕ್ಷೆ ಬೇಡ. ಬೆರಳಿಗಂಟಿದ ರಸವೇ ಅಂಕಿ ಏರಿಸಿಬಿಡುತ್ತದೆ. ನೀರಿನಲ್ಲಿ ತೊಳೆದು ಒರೆಸಿಕೊಳ್ಳಬೇಕು.

ನಾನು ಹೆಚ್ಚು ಹೆದರುವುದು ಇಳಿಯುವ ಶುಗರ್‌ಗೆ. ಕೊಯ್ಲಿನ ದಿನಗಳಲ್ಲಿ ಬುಟ್ಟಿ ಹೊರುತ್ತೇವೆ, ಊಟ ತಡವಾಗುತ್ತದೆ. ಶುಗರ್ ಇಳಿಸುವ ಗ್ಲಿಮೆಪಿರೈಡ್ ಮಾತ್ರೆ ಮಾತ್ರ ತನ್ನ ಕೆಲಸ ನಿಲ್ಲಿಸುವುದಿಲ್ಲ. ಶುಗರ್ ಇಳಿದರೆ ಬೆವರು, ಕೈ ನಡುಕ, ಎದೆ ಬಡಿತ, ತಡೆಯಲಾರದ ಹಸಿವು. ಬಿಸಿಲಿನ ಸುಸ್ತು ಅಂತ ಕೂರಬಾರದು, ತಕ್ಷಣ ನೋಡಿಕೊಳ್ಳಬೇಕು. 70ಕ್ಕಿಂತ ಕಡಿಮೆ ಇದ್ದರೆ 15 ಗ್ರಾಂ ಗ್ಲೂಕೋಸ್, ಅಂದರೆ ಸುಮಾರು ಮೂರು ಟೀ ಚಮಚ ಪುಡಿ, ನೀರಿಗೆ ಹಾಕಿ ಕುಡಿಯುತ್ತೇನೆ. 15 ನಿಮಿಷ ಬಿಟ್ಟು ಮತ್ತೆ ನೋಡುತ್ತೇನೆ, ಏರದಿದ್ದರೆ ಇನ್ನೊಮ್ಮೆ ಅಷ್ಟೇ. ಹೋಳಿಗೆ, ಚಾಕೊಲೇಟ್ ಆಗುವುದಿಲ್ಲ, ಜಿಡ್ಡಿನಿಂದ ಸಕ್ಕರೆ ರಕ್ತಕ್ಕೆ ಸೇರುವುದು ತಡ. 54ಕ್ಕಿಂತ ಕೆಳಗಿಳಿದರೆ ಬುದ್ಧಿಯೇ ಮಂಕಾಗಬಹುದು. ಪ್ರಜ್ಞೆ ತಪ್ಪಿದವರ ಬಾಯಿಗೆ ಏನೂ ಹಾಕಬೇಡಿ, 108ಕ್ಕೆ ಫೋನ್ ಮಾಡಿ ಅಂತ ಮನೆಯವರಿಗೆಲ್ಲ ಹೇಳಿಕೊಟ್ಟಿದ್ದೇನೆ.

ದುಡಿತದ ಪರಿಣಾಮ ರಾತ್ರಿವರೆಗೂ ಇರಬಹುದು, ಆ ದಿನ ಮಲಗುವ ಮುಂಚೆಯೂ ನೋಡಿಕೊಳ್ಳುತ್ತೇನೆ. ನನ್ನ ಪುಸ್ತಕದಲ್ಲಿ ಕೊಯ್ಲಿನ ದಿನಗಳ ಅಂಕಿ ನೋಡಿಯೇ ಡಾಕ್ಟರು ಆ ಸಮಯಕ್ಕೆ ಮಾತ್ರೆಯ ಡೋಸ್ ಇಳಿಸಿದರು.

ಜಾಸ್ತಿ ಬಂದಾಗ ನಾನಾಗಿಯೇ ಇನ್ನೊಂದು ಮಾತ್ರೆ ನುಂಗುವುದಿಲ್ಲ. 250ರ ಮೇಲೆ ಮತ್ತೆ ಮತ್ತೆ ಬಂದರೆ ಡಾಕ್ಟರ ಹತ್ತಿರ ಹೋಗುತ್ತೇನೆ. ಜೊತೆಗೆ ವಾಂತಿ, ಉಸಿರಾಟದ ತೊಂದರೆ ಇದ್ದರೆ ತಡಮಾಡದೆ ಆಸ್ಪತ್ರೆಗೆ.