ಬಿಸಿನೀರು ಹೊಯ್ದ ಮೇಲೆ ಸರಿಹೋಗುವ ಕುಂಟು

ತೀರ್ಥಹಳ್ಳಿಯ ಸುತ್ತಲಿನ ಮಕ್ಕಳನ್ನು ನೋಡುತ್ತಿರುವ ವೈದ್ಯನಾದ ನಾನು ಕೀಲುಗಳ ದೀರ್ಘಕಾಲದ ಉರಿಯೂತವನ್ನು ಗುರುತಿಸಲು ಕಲಿತದ್ದು ನಾಲ್ಕು ವರ್ಷದ ಒಬ್ಬ ಹುಡುಗಿಯಿಂದ. ಮಳೆಗಾಲದಲ್ಲಿ ಪಾಚಿಗಟ್ಟಿದ ಅಂಗಳದಲ್ಲಿ ಜಾರಿ ಬಿದ್ದಿರಬೇಕೆಂದು ಭಾವಿಸಿ, ನೋವಿನ ಸಿರಪ್ ಬರೆದು, ಅವಳನ್ನು ಎರಡು ಸಲ ಹಿಂದಕ್ಕೆ ಕಳುಹಿಸಿದ್ದೆ. ಬಸ್ಸು ಹಿಡಿದು ಅವರು ಬರುವ ಹೊತ್ತಿಗೆ ಮಧ್ಯಾಹ್ನವಾಗಿರುತ್ತಿತ್ತು, ಅಷ್ಟರಲ್ಲಿ ಮಗು ಚೆನ್ನಾಗಿಯೇ ನಡೆಯುತ್ತಿತ್ತು. ಮೂರನೆಯ ಸಲ ಜೊತೆಗೆ ಬಂದ ಅಜ್ಜಿ, "ಬೆಳಿಗ್ಗೆ ಎದ್ದಾಗ ಕಾಲೇ ಊರುವುದಿಲ್ಲ ಡಾಕ್ಟ್ರೇ, ಬಚ್ಚಲಲ್ಲಿ ಹಂಡೆಯ ಬಿಸಿನೀರು ಹೊಯ್ದ ಮೇಲೆ ಸರಿಯಾಗ್ತಾಳೆ" ಎಂದರು. ನಾನು ಕೇಳಬೇಕಾಗಿದ್ದ ಪ್ರಶ್ನೆಗೆ, ನಾನು ಕೇಳದೆಯೇ ಸಿಕ್ಕ ಉತ್ತರ ಅದು.

ಪೆಟ್ಟಾದ ಕಾಲು ನಡೆದಷ್ಟೂ ನೋಯುತ್ತದೆ. ಉರಿಯೂತವಿರುವ ಕೀಲು ರಾತ್ರಿಯಿಡೀ ಅಲುಗಾಡದೆ ಬಿಗಿದುಕೊಂಡು, ಓಡಾಡಿದ ಮೇಲೆ ಸಡಿಲವಾಗುತ್ತದೆ. ಚಿಕ್ಕ ಮಕ್ಕಳು ನೋವೆಂದು ಹೇಳದಿರುವುದೂ ಉಂಟು, ಕಾಲನ್ನು ಮಡಚಿಯೇ ಇಟ್ಟುಕೊಳ್ಳುತ್ತಾರೆ. ಆರೋಗ್ಯವಂತ ಮೊಣಕಾಲು ತೊಡೆಗಿಂತ ತುಸು ತಂಪಾಗಿರಬೇಕು. ಅಂಗೈಯ ಹಿಂಬದಿಯಿಂದ ಮುಟ್ಟಿದಾಗ ಅವಳ ಬಲ ಮೊಣಕಾಲು ಬೆಚ್ಚಗಿತ್ತು, ಪೂರ್ತಿ ಚಾಚುತ್ತಿರಲಿಲ್ಲ, ತೊಡೆಯ ಸ್ನಾಯು ಸೊರಗಿತ್ತು.

16 ವರ್ಷದೊಳಗೆ ಆರಂಭವಾಗಿ, ಕನಿಷ್ಠ 6 ವಾರ ಉಳಿದು, ಬೇರೆ ಕಾರಣ ಸಿಗದಿದ್ದಾಗ ಮಾತ್ರ ಇದನ್ನು ಜುವೆನೈಲ್ ಇಡಿಯೋಪಥಿಕ್ ಆರ್ಥ್ರೈಟಿಸ್ ಎನ್ನುತ್ತೇವೆ. ಇದನ್ನು ಖಚಿತಪಡಿಸುವ ಒಂದೇ ರಕ್ತಪರೀಕ್ಷೆ ಎಂಬುದಿಲ್ಲ; ದೊಡ್ಡವರ ಸಂಧಿವಾತದಲ್ಲಿ ಹುಡುಕುವ ರುಮಟಾಯ್ಡ್ ಫ್ಯಾಕ್ಟರ್ ಎಂಬ ಪ್ರತಿಕಾಯ ಬಹುಪಾಲು ಮಕ್ಕಳಲ್ಲಿ ನೆಗೆಟಿವ್ ಇರುತ್ತದೆ, ಒಂದೆರಡು ಕೀಲುಗಳಷ್ಟೇ ಊದಿದ್ದರೆ ಉರಿಯೂತವನ್ನು ಸೂಚಿಸುವ ರಕ್ತಪರೀಕ್ಷೆಯಾದ ಇಎಸ್‌ಆರ್ ಕೂಡ ಸಹಜವಾಗಿರಬಹುದು. ಕ್ಷಯ, ಕೀಲಿನಿಂದ ಕೀಲಿಗೆ ಹಾರುವ ರುಮ್ಯಾಟಿಕ್ ಜ್ವರ, ರಾತ್ರಿ ಮೂಳೆ ನೋವಿನಿಂದ ಎಬ್ಬಿಸುವ ರಕ್ತದ ಕ್ಯಾನ್ಸರ್, ಇವನ್ನೆಲ್ಲ ಮೊದಲು ಬದಿಗಿಡಬೇಕು. ನಮ್ಮ ಜಿಲ್ಲೆಯಲ್ಲಿ ಇನ್ನೊಂದು ಭಯವೂ ಇದೆ. ಸಾಗರ ತಾಲ್ಲೂಕಿನಲ್ಲಿ 1970ರ ದಶಕದಲ್ಲಿ ಬೆಳಕಿಗೆ ಬಂದ ಹಂದಿಗೋಡು ಕಾಯಿಲೆಯೇ ಇದು ಎಂದು ಅವಳ ತಂದೆ ಹೆದರಿದ್ದರು. ಅದು ವಂಶವಾಹಿಯಿಂದ ಬರುವ, ಮೂಳೆಗಳ ಬೆಳವಣಿಗೆಯ ತೊಂದರೆ; ಇದು ಮಗುವಿನದೇ ರೋಗನಿರೋಧಕ ವ್ಯವಸ್ಥೆ ಕೀಲಿನ ಒಳಪೊರೆಯನ್ನು ಕೆರಳಿಸುವ ಕಾಯಿಲೆ ಎಂದು ಚಿತ್ರ ಬರೆದು ತೋರಿಸಿದೆ. ಮಳೆಯ ಶೀತದಿಂದ ಬಂದದ್ದಲ್ಲ ಎಂಬುದನ್ನು ಒಪ್ಪಿಸಲು ಇನ್ನೂ ಹೆಚ್ಚು ಹೊತ್ತು ಬೇಕಾಯಿತು.

ಕೀಲಿನೊಳಗೆ ಸ್ಟೀರಾಯ್ಡ್ ಚುಚ್ಚುಮದ್ದು ಕೊಡಿಸಿದ ಮೇಲೆ ಊತ ಇಳಿಯಿತು. ಆದರೆ ದೇಹದ ಸ್ವಂತ ಜೀವಕೋಶಗಳ ವಿರುದ್ಧದ ಪ್ರತಿಕಾಯಗಳನ್ನು ಹುಡುಕುವ ಎಎನ್ಎ ರಕ್ತಪರೀಕ್ಷೆ ಪಾಸಿಟಿವ್ ಆಗಿದ್ದ ಕಾರಣ ಪ್ರತಿ 3 ತಿಂಗಳಿಗೊಮ್ಮೆ ಕಣ್ಣಿನ ಪರೀಕ್ಷೆ ಆಗಲೇಬೇಕೆಂದು ಹಟ ಹಿಡಿದೆ. ಕಣ್ಣು ಕೆಂಪಾಗದೆ, ನೋಯದೆ, ಒಳಗೊಳಗೇ ಉರಿಯೂತವಾಗಿ ದೃಷ್ಟಿ ಹೋಗುವ ಅಪಾಯ ಇಂಥ ಮಕ್ಕಳಿಗೇ ಹೆಚ್ಚು, ಮತ್ತು ಅದು ಕಾಣುವುದು ಕಣ್ಣಿನ ವೈದ್ಯರ ಸೂಕ್ಷ್ಮದರ್ಶಕವಾದ ಸ್ಲಿಟ್ ಲ್ಯಾಂಪಿನಲ್ಲಿ ಮಾತ್ರ. ಎರಡನೆಯ ಪರೀಕ್ಷೆಯಲ್ಲಿಯೇ ಅದು ಕಾಣಿಸಿತು. ಕಣ್ಣಿನ ಹನಿಗಳ ಜೊತೆಗೆ, ರೋಗನಿರೋಧಕ ವ್ಯವಸ್ಥೆಯನ್ನು ಶಮನಗೊಳಿಸುವ ಮೆಥೊಟ್ರೆಕ್ಸೇಟ್ ಎಂಬ ಔಷಧ ಆರಂಭಿಸಿದೆವು. ಇದನ್ನು ಕೊಡಬೇಕಾದದ್ದು ವಾರಕ್ಕೆ ಒಂದೇ ದಿನ. ದಿನವೂ ಕೊಟ್ಟರೆ ಪ್ರಾಣಕ್ಕೇ ಕುತ್ತು. ಅವರ ಮನೆಯ ಗೋಡೆಯ ಕ್ಯಾಲೆಂಡರನ್ನೇ ತರಿಸಿ ಪ್ರತಿ ಭಾನುವಾರಕ್ಕೂ ಕೆಂಪು ಗುರುತು ಹಾಕಿಕೊಟ್ಟೆ, ಈಗ ಎಲ್ಲ ಮನೆಯವರಿಗೂ ಹಾಗೆಯೇ ಮಾಡುತ್ತೇನೆ.

ಅವಳ ಮೊಣಕಾಲು ಈಗ ಪೂರ್ತಿ ಚಾಚುತ್ತದೆ. ಉರಿಯೂತವಿದ್ದ ಕಡೆ ರಕ್ತಸಂಚಾರ ಹೆಚ್ಚಿ ಮೂಳೆ ಬೇಗ ಬೆಳೆಯುವುದರಿಂದ, ಬಲಗಾಲು ಎಡಗಾಲಿಗಿಂತ ಒಂದು ಸೆಂಟಿಮೀಟರಿನಷ್ಟು ಉದ್ದವಾಗಿದೆ. ಕಾಯಿಲೆಯನ್ನು ಗುರುತಿಸದೆ ನಾನು ವ್ಯರ್ಥವಾಗಿ ಕಳೆದ ತಿಂಗಳುಗಳ ಪಾಲೂ ಅದರಲ್ಲಿರಬಹುದು. ಅವಳು ಬಂದಾಗಲೆಲ್ಲ ಟೇಪು ಹಿಡಿದು ಅಳೆದು, ತಾರೀಕಿನೊಂದಿಗೆ ಬರೆದಿಡುತ್ತೇನೆ.