ಡಚ್ ಚಿತ್ರದಲ್ಲಿ ಧರ್ಮವನ್ನು ಗುರುತಿಸುವುದು ಹೇಗೆ

ಮೊದಲು ಇಸವಿ, ಊರು ನೋಡಿ. 1566ರಲ್ಲಿ ನೆದರ್ಲೆಂಡ್ಸ್‌ನ ಚರ್ಚುಗಳಲ್ಲಿ ಮೂರ್ತಿಭಂಜನೆ ನಡೆಯಿತು. 1578ರಲ್ಲಿ ಆಮ್‌ಸ್ಟರ್‌ಡ್ಯಾಮ್, ಚರ್ಚಿನಲ್ಲಿ ಮೂರ್ತಿ-ಚಿತ್ರಗಳನ್ನು ಒಪ್ಪದ ಪ್ರೊಟೆಸ್ಟಂಟರ ಕೈಸೇರಿತು. ಹೀಗೆ ಉತ್ತರ ನೆದರ್ಲೆಂಡ್ಸ್‌ನ ಚರ್ಚುಗಳಿಂದ ಪೂಜಾಪೀಠದ ಚಿತ್ರಗಳಿಗೆ ಬೇಡಿಕೆ ನಿಂತಿತು, ಕಲಾವಿದರು ಮನೆಗೋಡೆಗಾಗಿ ಬರೆಯತೊಡಗಿದರು. ಸ್ಪೇನಿನ ಆಳ್ವಿಕೆಯಲ್ಲೇ ಉಳಿದ ಕ್ಯಾಥೊಲಿಕ್ ಆಂಟ್‌ವರ್ಪ್‌ನ ಚಿತ್ರಕಾರ ರೂಬೆನ್ಸ್‌ನನ್ನು ಈ ಸಾಲಿಗೆ ಸೇರಿಸಿದರೆ ಲೆಕ್ಕವೆಲ್ಲ ತಪ್ಪುತ್ತದೆ.

ಚರ್ಚಿನ ಒಳಾಂಗಣದ ಚಿತ್ರವಾದರೆ ಸುಣ್ಣ ಬಳಿದ ಬರಿಗೋಡೆ, ಪ್ರವಚನದ ಎತ್ತರದ ಪೀಠ, ಕಂಬಕ್ಕೆ ತೂಗುಹಾಕಿದ ವಜ್ರಾಕಾರದ ಕರಿಹಲಗೆ ಹುಡುಕಿ. ಆ ಹಲಗೆ ತೀರಿಕೊಂಡವರ ಕುಲಲಾಂಛನ. ಹಾರ್ಲೆಮ್‌ನ ಪೀಟರ್ ಸಾನ್ರೆಡಾಮ್ ಸ್ಥಳದಲ್ಲೇ ಅಳತೆ ಹಿಡಿದು ರೇಖಾಚಿತ್ರ ಮಾಡಿ, ಕೆಲವೊಮ್ಮೆ ವರ್ಷಗಳ ನಂತರ ಬಣ್ಣ ಹಾಕುತ್ತಿದ್ದ. ಎಮಾನ್ಯುಯೆಲ್ ಡೆ ವಿಟ್ಟೆ ಮಾತ್ರ ಬೇರೆಬೇರೆ ಚರ್ಚುಗಳ ಭಾಗಗಳನ್ನು ಕೂಡಿಸಿ ಇಲ್ಲದ ಚರ್ಚನ್ನೂ ಕಟ್ಟುತ್ತಿದ್ದ. ಅವನ ಚಿತ್ರವನ್ನು ದಾಖಲೆಯೆಂದು ನಂಬಬೇಡಿ.

ಮನೆಯ ದೃಶ್ಯದಲ್ಲಿ ಕಣ್ಣು ನೇರ ಹಿನ್ನೆಲೆಯ ಗೋಡೆಗೆ ಹೋಗಲಿ. ಚಿತ್ರದೊಳಗಿನ ಚಿತ್ರದಷ್ಟು ಸ್ಪಷ್ಟವಾಗಿ ಬಾಯಿಬಿಡುವ ಸುಳಿವು ಇನ್ನೊಂದಿಲ್ಲ. ವರ್ಮೀರ್ ಸುಮಾರು 1664ರಲ್ಲಿ ಬರೆದ, ಈಗ ವಾಷಿಂಗ್ಟನ್ನಿನಲ್ಲಿರುವ, ತಕ್ಕಡಿ ಹಿಡಿದ ಹೆಂಗಸಿನ ಚಿತ್ರವನ್ನೇ ತೆಗೆದುಕೊಳ್ಳಿ. ಮೇಜಿನ ಮೇಲೆ ಮುತ್ತುಗಳಿವೆ. ತಕ್ಕಡಿಯ ತಟ್ಟೆಗಳಲ್ಲಿ ಚಿನ್ನವಿದೆ ಎಂದು ಹಿಂದೆ ಭಾವಿಸಿದ್ದರು. ಸೂಕ್ಷ್ಮದರ್ಶಕದಲ್ಲಿ ನೋಡಿದಾಗ ಅವು ಖಾಲಿ. ಅವಳ ಹಿಂದೆ ಇರುವುದು ಅಂತಿಮ ತೀರ್ಪಿನ ಚಿತ್ರ, ಅಂದರೆ ಆತ್ಮಗಳನ್ನು ತೂಗುವ ದಿನ. ಅವಳ ಬೆರಳ ತುದಿಯಲ್ಲಿ ಸಮತೂಕದಲ್ಲಿ ನಿಂತ ಬರಿದಾದ ತಕ್ಕಡಿಯನ್ನು ಅದರ ಜೊತೆಗಿಟ್ಟು ಓದಿ. ಧರ್ಮ ಇಲ್ಲಿ ಉಪದೇಶಿಸುವುದಿಲ್ಲ, ಅವಳ ಕೈಯಲ್ಲಿದೆ.

ಹಣ್ಣು, ಪಾತ್ರೆಯಂಥ ವಸ್ತುಗಳನ್ನಷ್ಟೇ ಬರೆದ ಸ್ಥಿರಚಿತ್ರಗಳಲ್ಲಿ ಎಡವುವವರೇ ಹೆಚ್ಚು. ಕಂಡ ನಿಂಬೆಹಣ್ಣಿಗೆಲ್ಲ ಅರ್ಥ ಹಚ್ಚಬೇಡಿ. ತಲೆಬುರುಡೆ, ಮರಳುಗಡಿಯಾರ, ಆರಿದ ಬತ್ತಿ ಇವುಗಳಲ್ಲಿ ಎರಡಾದರೂ ಒಟ್ಟಿಗಿದ್ದರೆ ಬದುಕಿನ ನಶ್ವರತೆಯ ಮಾತೆಂದು ಧೈರ್ಯವಾಗಿ ಹೇಳಬಹುದು.

ಚಿತ್ರ ನೋಡಿ ಚಿತ್ರಕಾರನ ಮತ ಹೇಳುವ ಅವಸರವೂ ಬೇಡ. ಬರೆಸಿದವರು ಯಾರೆಂದು ಕೇಳಿ. ರೆಂಬ್ರಾಂಟ್ 1641ರಲ್ಲಿ ಬರೆದುಕೊಟ್ಟದ್ದು ಮೆನ್ನೊನೈಟ್ ಎಂಬ ಪ್ರೊಟೆಸ್ಟಂಟ್ ಪಂಗಡದ ಪ್ರವಚನಕಾರ ಆನ್ಸ್ಲೊನ ಭಾವಚಿತ್ರ. 1630ರ ದಶಕದಲ್ಲಿ ಅದೇ ಕೈ ರಾಜಕುಮಾರ ಫ್ರೆಡೆರಿಕ್ ಹೆಂಡ್ರಿಕ್‌ಗಾಗಿ ಕ್ರಿಸ್ತನ ಯಾತನೆಯ ಸರಣಿ ಬರೆದಿತ್ತು. ಕ್ಯಾಥೊಲಿಕರೂ ಕಾಣೆಯಾಗಿರಲಿಲ್ಲ. ಆಮ್‌ಸ್ಟರ್‌ಡ್ಯಾಮ್‌ನಲ್ಲಿ ಒಂದು ಕಾಲುವೆ ಮನೆಯ ಅಟ್ಟದಲ್ಲಿ 1663ರಲ್ಲಿ ಸಿದ್ಧವಾದ ಗುಟ್ಟಿನ ಚರ್ಚು ಈಗ ವಸ್ತುಸಂಗ್ರಹಾಲಯ. ಅಲ್ಲಿ ಪೂಜಾಪೀಠವೂ ಉಂಟು, ಅದರ ಮೇಲೆ ಚಿತ್ರವೂ ಉಂಟು.